ಮೂರು ದಿನ ಅವನ ಮನೆ, ಮೂರು ದಿನ ಇವನ ಮನೆ

ಪ್ರಿಯ ರಘು,

ಈ ಪತ್ರವನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ಆದರೆ ಖಾಸಗಿಯಾಗಿ ಬರೆದ ಯಾವುದಕ್ಕೂ ನೀನು ಉತ್ತರ ಬರೆದವನಲ್ಲ. ನಾಲ್ಕು ಜನರ ಎದುರು ಕೇಳಿದರೆ ಮರ್ಯಾದೆಗಾದರೂ ಬಾಯಿ ಬಿಡುತ್ತೀಯೆ ಎಂಬ ಲೆಕ್ಕಾಚಾರದಿಂದ ಇಲ್ಲಿ ಹಾಕುತ್ತಿದ್ದೇನೆ. ಓದುತ್ತಿರುವ ಉಳಿದವರು ಒಂದೆರಡು ಕಡೆ ಸಹಿಸಿಕೊಳ್ಳಬೇಕು.

ಇತ್ತೀಚೆಗೆ ನಾನು ಸಯಾಮಿ ಅವಳಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಯಾಕೆಂದು ಈಗಲೇ ಕೇಳಬೇಡ.

ಆ ಹೆಸರಿಗೆ ಕಾರಣರಾದ ಚಾಂಗ್ ಮತ್ತು ಎಂಗ್ 1811ರಲ್ಲಿ ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ಎದೆಯ ಕೆಳಭಾಗದಲ್ಲಿ ಒಂದು ಗಿಡ್ಡ ಮಾಂಸಪಟ್ಟಿಯಿಂದ ಬೆಸೆದುಕೊಂಡು ಹುಟ್ಟಿದರು. ಮೊದಮೊದಲು ಎದುರುಬದುರಾಗಿಯೇ ಇರಬೇಕಾಗಿದ್ದ ಅವರು, ಪಟ್ಟಿ ಎಳೆದೆಳೆದು ಹಿಗ್ಗಿದ ಮೇಲೆ, ಅಕ್ಕಪಕ್ಕ ನಿಂತು ನಡೆಯುವುದನ್ನೂ ಈಜುವುದನ್ನೂ ಕಲಿತರು. 1829ರಲ್ಲಿ ವ್ಯಾಪಾರಿಗಳಿಬ್ಬರು ಅವರನ್ನು ಅಮೆರಿಕಕ್ಕೆ ಕರೆದೊಯ್ದು ಟಿಕೆಟ್ಟಿನ ಪ್ರದರ್ಶನಕ್ಕೆ ನಿಲ್ಲಿಸಿದರು. ಪ್ರಾಯಕ್ಕೆ ಬಂದ ಮೇಲೆ ಅಣ್ಣತಮ್ಮಂದಿರು ಒಡೆಯರನ್ನು ಬಿಟ್ಟು ತಮ್ಮ ಪ್ರದರ್ಶನವನ್ನು ತಾವೇ ನಡೆಸಿ, ದುಡ್ಡು ಕೂಡಿಸಿ, ಉತ್ತರ ಕ್ಯಾರೊಲಿನಾದಲ್ಲಿ ಜಮೀನು ಮಾಡಿ, 1843ರಲ್ಲಿ ಅಕ್ಕತಂಗಿಯರಿಬ್ಬರನ್ನು ಮದುವೆಯಾದರು. ಆ ಜಮೀನಿನಲ್ಲಿ ದುಡಿಯಲು ಗುಲಾಮರನ್ನೂ ಇಟ್ಟುಕೊಂಡರು. ನೊಂದವರು ನೋಯಿಸುವುದಿಲ್ಲ ಎಂಬ ನಿನ್ನ ಹಳೆಯ ಸಿದ್ಧಾಂತವನ್ನು ಇಲ್ಲಿ ಹೇಗೆ ಕಾಪಾಡಿಕೊಳ್ಳುತ್ತೀಯೋ ನೋಡೋಣ.

ಹೆಂಡಂದಿರಿಗೆ ಒಂದೇ ಸೂರಿನಡಿ ಹೊಂದಿಕೆಯಾಗದೆ ಎರಡು ಮನೆಗಳಾದವು. ಆಗ ಅವರು ಮಾಡಿಕೊಂಡ ನಿಯಮವೊಂದಿದೆ: ಮೂರು ದಿನ ಚಾಂಗನ ಮನೆ, ಮೂರು ದಿನ ಎಂಗನ ಮನೆ, ಯಾರ ಮನೆಯಲ್ಲಿದ್ದಾರೋ ಆ ದಿನಗಳಲ್ಲಿ ಅವನದೇ ಮಾತು, ಇನ್ನೊಬ್ಬನು ಎದುರಾಡದೆ ಅನುಸರಿಸಬೇಕು. ಇದನ್ನು ಓದಿದಾಗ ನನಗೆ ರಾವ್ ಬಹದ್ದೂರರ ಕೊಡೆ ನೆನಪಾಯಿತು. ನೀನು ನಗುತ್ತಿದ್ದೀಯೆ ಎಂಬುದು ನನಗೆ ಗೊತ್ತು.

ಚಾಂಗ್ ಕುಡಿಯುತ್ತಿದ್ದ, ಎಂಗ್ ಕುಡಿಯುತ್ತಿರಲಿಲ್ಲ. 1870ರಲ್ಲಿ ಚಾಂಗನಿಗೆ ಪಾರ್ಶ್ವವಾಯು ಬಡಿದ ಮೇಲೆ ಅವನ ಭಾರವನ್ನು ಎಂಗನೇ ಹೊತ್ತು ನಡೆದ. 1874ರ ಜನವರಿಯಲ್ಲಿ ಚಾಂಗನಿಗೆ ಎದೆ ಕಟ್ಟಿ ಕೆಮ್ಮು ಹತ್ತಿತ್ತು. ಆದರೆ ಸರದಿ ಎಂಗನ ಮನೆಯದಾಗಿತ್ತು, ನಿಯಮ ನಿಯಮವೇ ಎಂದು ಇಬ್ಬರೂ ಚಳಿಯಲ್ಲಿ ಗಾಡಿ ಏರಿ ಹೋದರು. 17ರ ಬೆಳಗಿನ ಜಾವದ ಹೊತ್ತಿಗೆ ಚಾಂಗ್ ತೀರಿಕೊಂಡಿದ್ದ. ಎಂಗ್ ಆರೋಗ್ಯವಾಗಿಯೇ ಇದ್ದ, ಚಾಂಗ್ ಪಕ್ಕದಲ್ಲಿ ಸತ್ತಿರುವುದನ್ನು ತಿಳಿದುಕೊಂಡ, ಕೆಲವೇ ಗಂಟೆಗಳಲ್ಲಿ ತಾನೂ ಹೋದ. ಬೇರ್ಪಡಿಸಬಹುದಾಗಿದ್ದ ವೈದ್ಯನು ಬರುವ ಹೊತ್ತಿಗೆ ಕೆಲಸವಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಶವಪರೀಕ್ಷೆ ನಡೆಸಿದವರು ಆ ಪಟ್ಟಿಯೊಳಗೆ ಇಬ್ಬರ ಯಕೃತ್ತುಗಳೂ ಕೂಡಿಕೊಂಡಿದ್ದನ್ನು ಕಂಡರು. ಎಂಗನು ಹೆದರಿಕೆಯಿಂದ ಸತ್ತನೆಂದು ಅಂದು ಕೆಲವರು ಹೇಳಿದರು. ಅವನ ರಕ್ತವು ನಿಂತುಹೋದ ದೇಹದೊಳಕ್ಕೆ ಹರಿದು ಅಲ್ಲಿಯೇ ಉಳಿದಿರಬೇಕೆಂಬುದು ನಂತರದವರ ಊಹೆ. ಇಂದಿನ ಸ್ಕ್ಯಾನಿಂಗ್ ಮತ್ತು ಯಕೃತ್ತಿನ ಶಸ್ತ್ರಚಿಕಿತ್ಸೆಯ ಕಾಲದಲ್ಲಾಗಿದ್ದರೆ ಅವರದು ಸುಲಭದ ಪ್ರಕರಣಗಳಲ್ಲೊಂದು.

ಇನ್ನು ಹೀಗೇಕಾಗುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದ ಉತ್ತರ ಅರ್ಧ ಮಾತ್ರ ಇದೆ. 1573ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ದೇವರ ಮಹಿಮೆ, ದೇವರ ಕೋಪ, ಬೀಜದ ಅತಿರೇಕ, ಗರ್ಭದ ಇಕ್ಕಟ್ಟು ಎಂದೆಲ್ಲ ಕಾರಣಗಳನ್ನು ಪಟ್ಟಿಮಾಡಿದ್ದ. ಇಂದು ನಮಗೆ ತಿಳಿದಿರುವಂತೆ, ಫಲಿತಗೊಂಡ ಒಂದೇ ಅಂಡವು ಮೊದಲ ಕೆಲವು ದಿನಗಳಲ್ಲಿ ಎರಡಾಗಿ ಒಡೆದರೆ ತದ್ರೂಪಿ ಅವಳಿಗಳಾಗುತ್ತವೆ. ಒಡೆಯುವಿಕೆ ಸುಮಾರು 13ನೇ ದಿನದವರೆಗೆ ತಡವಾದರೆ ಅದು ಪೂರ್ತಿಯಾಗದೆ ಉಳಿಯುತ್ತದೆ ಎಂಬುದು ಒಂದು ವಾದ. ಪೂರ್ತಿ ಒಡೆದ ಎರಡು ಭ್ರೂಣಗಳೇ ಮತ್ತೆ ಎಲ್ಲೋ ಒಂದೆಡೆ ಕೂಡಿಕೊಳ್ಳುತ್ತವೆ ಎಂಬುದು ಇನ್ನೊಂದು. ತೀರ್ಮಾನವಾಗಿಲ್ಲ. ಸರಿಸುಮಾರು 50,000ದಿಂದ 2 ಲಕ್ಷ ಹೆರಿಗೆಗಳಿಗೊಂದರಂತೆ ಕಾಣಿಸುವ ಈ ಮಕ್ಕಳಲ್ಲಿ ಹಲವರು ಸತ್ತೇ ಹುಟ್ಟುತ್ತಾರೆ, ಬದುಕುವವರಲ್ಲಿ ಹೆಣ್ಣುಮಕ್ಕಳೇ ಬಹಳ ಹೆಚ್ಚು, ಏಕೆಂದು ಯಾರಿಗೂ ಗೊತ್ತಿಲ್ಲ. ಎದೆಯಲ್ಲಿ ಬೆಸೆದವರು ಹೆಚ್ಚು; ಹೃದಯವೇ ಒಂದಾಗಿದ್ದರೆ ಇಬ್ಬರನ್ನೂ ಉಳಿಸಿ ಬೇರ್ಪಡಿಸುವ ಮಾತು ಹೆಚ್ಚುಕಡಿಮೆ ಮುಗಿದಂತೆಯೇ. ತಲೆಯಲ್ಲಿ ಬೆಸೆದವರು ಅತ್ಯಂತ ವಿರಳ.

ಈಗ ವಿಷಯಕ್ಕೆ ಬರುತ್ತೇನೆ. ಇವರ ಬಗ್ಗೆ ಓದುವಾಗ ಮನುಷ್ಯನಾದವನಿಗೆ ಬರಬೇಕಾದದ್ದು ಕನಿಕರ. ನನಗೆ ಬಂದದ್ದು ಹೊಟ್ಟೆಕಿಚ್ಚು. ಬದುಕಿನ ಒಂದು ಗಳಿಗೆಯಲ್ಲೂ, ಸಾಯುವ ಗಳಿಗೆಯಲ್ಲೂ ಒಂಟಿಯಾಗಿರಬೇಕಿಲ್ಲದ ಜೀವಗಳು ಭೂಮಿಯ ಮೇಲೆ ಇದ್ದವೆಂಬುದು ನನ್ನನ್ನು ಕಾಡತೊಡಗಿತು. ಸಂತೆಯ ಡೇರೆಯಲ್ಲಿ ನಿಂತು ಅಪರಿಚಿತರ ಕಣ್ಣಿಗೆ ಮೈಯೊಡ್ಡಿದವರನ್ನು ನೋಡಿ ಕರುಬುವುದು ಎಂಥ ಅಸಭ್ಯತನವೆಂದು ನನಗೆ ತಿಳಿಯದೆ ಇಲ್ಲ, ತಿಳಿದೂ ಕರುಬಿದೆ.

ಅದಕ್ಕೆ ಮೊದಲ ಪೆಟ್ಟು ಕೊಟ್ಟವರು ಇರಾನಿನ ಲಾದನ್ ಮತ್ತು ಲಾಲೆ ಬಿಜಾನಿ. ತಲೆಯಲ್ಲಿ ಬೆಸೆದಿದ್ದ ಆ ಅಕ್ಕತಂಗಿಯರು ಇಬ್ಬರೂ ಕಾನೂನು ಓದಿದ್ದರು. ಲಾದನ್‌ಗೆ ವಕೀಲಿಕೆ ಮಾಡುವ ಆಸೆ, ಲಾಲೆಗೆ ಪತ್ರಕರ್ತೆಯಾಗುವ ಆಸೆ. ಮೆದುಳುಗಳು ಬೇರೆಬೇರೆ ಇದ್ದರೂ ರಕ್ತವನ್ನು ಹೊರಗೊಯ್ಯುವ ಒಂದು ದೊಡ್ಡ ಸಿರೆ ಇಬ್ಬರಿಗೂ ಒಂದೇ ಆಗಿದ್ದುದರಿಂದ ಜರ್ಮನಿಯ ವೈದ್ಯರು ಒಲ್ಲೆವೆಂದಿದ್ದರು. ಬದುಕುವ ಸಾಧ್ಯತೆ ಅರ್ಧಕ್ಕರ್ಧ ಎಂದು ತಿಳಿದೇ 2003ರ ಜುಲೈಯಲ್ಲಿ ಅವರು ಸಿಂಗಪುರದ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಕನ್ನಡಿಯಿಲ್ಲದೆ ಒಬ್ಬರ ಮುಖವನ್ನೊಬ್ಬರು ನೋಡಬೇಕೆಂಬುದೂ ಅವರ ಆಸೆಗಳಲ್ಲೊಂದಾಗಿತ್ತು. ಎರಡು ದಿನಗಳ ಶಸ್ತ್ರಚಿಕಿತ್ಸೆಯ ಕೊನೆಗೆ ತಲೆಗಳು ಬೇರೆಯಾದವು, ರಕ್ತಸ್ರಾವ ನಿಲ್ಲಲಿಲ್ಲ, ಇಬ್ಬರೂ ಅದೇ ದಿನ ತೀರಿಕೊಂಡರು. ಅವರಿಗೆ 29 ವರ್ಷ. ಯಾವುದನ್ನು ನಾನು ವರವೆಂದು ಕರುಬಿದೆನೋ ಅದರಿಂದ ಬಿಡಿಸಿಕೊಳ್ಳಲು ಅವರು ಪ್ರಾಣವನ್ನೇ ಪಣಕ್ಕಿಟ್ಟಿದ್ದರು.

ಅವರಾದರೂ ತಾವೇ ಆರಿಸಿಕೊಂಡರು. 2000ದಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಜೋಡಿ ಮತ್ತು ಮೇರಿ ಎಂಬ ಬದಲಿ ಹೆಸರುಗಳಿಂದ ಕರೆದ ಎರಡು ಹಸುಳೆಗಳ ವಿಷಯದಲ್ಲಿ ತಂದೆತಾಯಿ ಬೇಡವೆಂದರೂ ನ್ಯಾಯಾಧೀಶರು ಬೇರ್ಪಡಿಸಲು ಅನುಮತಿ ಕೊಟ್ಟರು. ಮೇರಿಯ ಹೃದಯವೂ ಶ್ವಾಸಕೋಶವೂ ನಿಷ್ಪ್ರಯೋಜಕವಾಗಿದ್ದು, ಅವಳು ಜೋಡಿಯ ರಕ್ತದಿಂದಲೇ ಬದುಕಿದ್ದಳು; ಹಾಗೆಯೇ ಬಿಟ್ಟರೆ ಕೆಲವೇ ತಿಂಗಳುಗಳಲ್ಲಿ ಇಬ್ಬರೂ ಸಾಯುತ್ತಿದ್ದರು. ಮೇರಿ ಹೋದಳು, ಜೋಡಿ ಉಳಿದಳು. ತೀರ್ಪು ಸರಿಯೆಂದೇ ನನಗೆ ತೋರುತ್ತದೆ, ಆದರೆ ಅದನ್ನು ಜೋಡಿಯ ಆತ್ಮರಕ್ಷಣೆಗೆ ಹೋಲಿಸಿದ ಒಬ್ಬ ನ್ಯಾಯಾಧೀಶರ ವಾದವನ್ನು ಒಪ್ಪಲು ನನಗಿನ್ನೂ ಆಗಿಲ್ಲ. ಉಸಿರಾಡಲು ಬಾರದ ಕೂಸು ಯಾರ ಮೇಲೆ ಏರಿಹೋಗಿತ್ತು?

ಎರಡನೆಯ ಪೆಟ್ಟು ಮಾಷಾ ಮತ್ತು ದಾಷಾ ಅವರಿಂದ ಬಿತ್ತು. 1950ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಈ ಮಕ್ಕಳು ಸತ್ತುಹೋದರೆಂದು ತಾಯಿಗೆ ಹೇಳಿ, ಶರೀರವಿಜ್ಞಾನಿಗಳು ಅವರನ್ನು ತಮ್ಮ ಸಂಸ್ಥೆಗೆ ಒಯ್ದರು. ರಕ್ತ ಇಬ್ಬರಲ್ಲೂ ಹರಿಯುತ್ತಿತ್ತು, ನರಮಂಡಲಗಳು ಮಾತ್ರ ಪ್ರತ್ಯೇಕ. ಅಂಥವರು ಸಿಕ್ಕಿದ್ದೇ ಭಾಗ್ಯವೆಂದು ಒಬ್ಬಳಿಗೆ ಸೂಜಿ ಚುಚ್ಚಿ, ಒಬ್ಬಳನ್ನು ಮಂಜುಗಡ್ಡೆಯಲ್ಲಿಟ್ಟು, ಇನ್ನೊಬ್ಬಳಿಗೆ ಏನಾಗುತ್ತದೆಂದು ಬರೆದುಕೊಂಡರು. ಆ ಕ್ರೌರ್ಯದ ಬಗ್ಗೆ ನೀನು ನನಗಿಂತ ಚೆನ್ನಾಗಿ ಬರೆಯಬಲ್ಲೆ. ನನ್ನನ್ನು ಅಲ್ಲಾಡಿಸಿದ್ದು ಬೇರೆ: ಒಬ್ಬಳಿಗೆ ಚುಚ್ಚಿದ ಸೂಜಿ ಇನ್ನೊಬ್ಬಳಿಗೆ ತಿಳಿಯುತ್ತಿರಲಿಲ್ಲ. ಒಂದೇ ರಕ್ತ, ಒಂದೇ ಹಾಸಿಗೆ, ಆದರೂ ನೋವು ಆ ಬೆಸುಗೆಯನ್ನು ದಾಟಿ ಆಚೆಗೆ ಹೋಗಲಿಲ್ಲ.

ಕಳೆದ ವರ್ಷ ನಿನ್ನ ಎದೆಗೆ ಸ್ಟೆಂಟ್ ಹಾಕಿದ ಸುದ್ದಿ ನನಗೆ ಮೂರನೆಯವರಿಂದ, ನೀನು ಮನೆಗೆ ಬಂದು ಓಡಾಡತೊಡಗಿದ ಮೇಲೆ ತಿಳಿಯಿತು. ಫೋನಿನಲ್ಲಿ ನಾನು ತಮಾಷೆ ಮಾಡಿದೆ, ನೀನೂ ಮಾಡಿದೆ. ಅಂದು ನನಗೆ ಮೊದಲು ಬಂದದ್ದು ಆತಂಕವಲ್ಲ, ಸಿಟ್ಟು. ನೀನು ಹೇಳಲಿಲ್ಲವೆಂಬುದಕ್ಕಿಂತ ಹೆಚ್ಚಾಗಿ, ಅಲ್ಲಿ ನಿನಗೆ ಹಾಗಾಗುತ್ತಿದ್ದಾಗ ಇಲ್ಲಿ ನನಗೆ ಒಂದು ಎಳೆಯಷ್ಟೂ ಗೊತ್ತಾಗದೆ ನಾನು ಊಟ ಮಾಡಿ ಮಲಗಿದ್ದೆನೆಂಬ ಸಿಟ್ಟು. ಈ ಅವಳಿಗಳ ಕಥೆಗಳನ್ನು ಹುಡುಕಿಕೊಂಡು ಹೊರಟದ್ದು ಆ ಸಿಟ್ಟೇ. ಪ್ರತಿ ಕಥೆಯಲ್ಲೂ ಒಬ್ಬರು ಹೋದ ಮೇಲೆ ಇನ್ನೊಬ್ಬರು ಎಷ್ಟು ಹೊತ್ತು ಇದ್ದರೆಂಬುದನ್ನೇ ಮೊದಲು ಹುಡುಕುತ್ತೇನೆ, ಕಡಿಮೆ ಇದ್ದಷ್ಟೂ ನನಗೆ ಸಮಾಧಾನ. ನನ್ನ ಹೆಂಡತಿ ಇದನ್ನು ಓದುತ್ತಾಳೆಂಬುದು ಈಗ ನೆನಪಾಗುತ್ತಿದೆ. ಅಳಿಸುವುದಿಲ್ಲ, ಅವಳಿಗೆ ನಾನು ಮೊದಲೇ ಅರ್ಥವಾಗಿದ್ದೇನೆ.

ಇರಲಿ. ನಾವಿಬ್ಬರೂ ಬೆಸೆದುಕೊಂಡು ಹುಟ್ಟಿದ್ದರೆ ಆಗುತ್ತಿದ್ದ ಅನಾಹುತವನ್ನೂ ಯೋಚಿಸಿ ನೋಡಿದ್ದೇನೆ. ನಿನ್ನ ಮೂರು ದಿನಗಳಲ್ಲಿ ನಾನು ಬೆಳಗಿನ ಐದಕ್ಕೆದ್ದು ಓಡಬೇಕಾಗುತ್ತಿತ್ತು. ನನ್ನ ಮೂರು ದಿನಗಳಲ್ಲಿ ನೀನು ನನ್ನ ಸಂಗೀತಾಭ್ಯಾಸವನ್ನು ಕಿವಿ ಮುಚ್ಚಿಕೊಳ್ಳಲೂ ಅನುಮತಿಯಿಲ್ಲದೆ ಕೇಳಬೇಕಾಗುತ್ತಿತ್ತು. ಸಂಶಯವೇ ಇಲ್ಲ, ಯಾವ ಸಿರೆ ಎಲ್ಲಿ ಕೂಡಿದೆ ಎಂದು ವಿಚಾರಿಸದೆ ಕತ್ತರಿ ಕೈಗೆತ್ತಿಕೊಳ್ಳುವವನು ನೀನೇ. ಸ್ಟೆಂಟಿನ ರಿಪೋರ್ಟನ್ನು ಒಮ್ಮೆ ಕಳುಹಿಸು. ಇಷ್ಟೆಲ್ಲ ಓದಿದ ಮೇಲೆ, ಅದರಲ್ಲಿ ಒಂದಕ್ಷರ ಅರ್ಥವಾಗದಿದ್ದರೂ ಅಧಿಕಾರವಾಣಿಯಿಂದ ಸಲಹೆ ಕೊಡುವಷ್ಟು ಧೈರ್ಯ ನನಗೆ ಬಂದುಬಿಟ್ಟಿದೆ.

ಇಂತಿ ನಿನ್ನ,
ಎಡಗಡೆಯವನು