ವಸಾಯಿ-ವಿರಾರ್ ಪರಿಚಯದಲ್ಲಿ ಬಿಟ್ಟುಹೋದವರು

ಮಾನ್ಯ ಸಂಪಾದಕರಿಗೆ,

ವಂದನೆಗಳು. ಮುಂಬಯಿಯ ಹೊರವಲಯದ ಉಪನಗರಗಳನ್ನು ಪರಿಚಯಿಸುವ ತಮ್ಮ ಭಾನುವಾರದ ಪುರವಣಿಯ ಮಾಲಿಕೆಯಲ್ಲಿ ಈ ಸಲ ವಸಾಯಿ-ವಿರಾರ್ ಬಂದುದನ್ನು ಕಂಡು ಸಂತೋಷವಾಯಿತು. ಲೋಕಲ್ ರೈಲಿನ ನೂಕುನುಗ್ಗಲು, ಅಗ್ಗದ ಫ್ಲಾಟುಗಳು, ಟ್ಯಾಂಕರ್ ನೀರು, ತುಳು-ಕನ್ನಡಿಗರ ಹೋಟೆಲುಗಳು ಮತ್ತು ಜಾತೀಯ ಸಂಘಸಂಸ್ಥೆಗಳು, ಇವನ್ನೆಲ್ಲ ಲೇಖಕರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಮುಂಬಯಿಯಲ್ಲಿ ಮನೆ ಕೊಳ್ಳಲಾರದವರು ಬರುವ ತನಕ ಇಲ್ಲಿ ಉಪ್ಪಿನ ಗದ್ದೆಗಳ ಹೊರತು ಬೇರೇನೂ ಇರಲಿಲ್ಲ, ಬಹುಸಂಸ್ಕೃತಿಯೆಂಬುದು ವಲಸಿಗರೊಡನೆಯೇ ರೈಲಿನಿಂದಿಳಿಯಿತು ಎಂಬ ಭಾವನೆ ಓದಿದವರಲ್ಲಿ ಉಳಿಯುತ್ತದೆ. ಇದಕ್ಕೆ ನನ್ನ ಆಕ್ಷೇಪವಿದೆ.

ವಸಾಯಿ-ವಿರಾರಿನ ಭಾಗವೇ ಆದ ನಾಲಾಸೋಪಾರದ ಸೋಪಾರ ಗ್ರಾಮವೇ ಪ್ರಾಚೀನ ಶೂರ್ಪಾರಕ ಬಂದರು. 1882ರಲ್ಲಿ ಪಂಡಿತ ಭಗವಾನಲಾಲ್ ಇಂದ್ರಜಿಯವರು ಅಲ್ಲಿಯ ಬೌದ್ಧ ಸ್ತೂಪವನ್ನು ಅಗೆಸಿದರು. ಅಶೋಕನ ಎಂಟನೆಯ ಬಂಡೆಗಲ್ಲು ಶಾಸನದ ತುಣುಕು ದೊರೆತದ್ದೂ ಇದೇ ಊರಿನಲ್ಲಿ. ಮಸ್ಕಿ, ಬ್ರಹ್ಮಗಿರಿಗಳ ಶಾಸನಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ನಮ್ಮವರಲ್ಲಿ ಎಷ್ಟೋ ಮಂದಿಗೆ, ದಿನವೂ ರೈಲು ಹತ್ತುವ ಊರಿನಲ್ಲಿಯೇ ಅದೇ ಅಶೋಕನ ಮಾತು ಸಿಕ್ಕಿದೆಯೆಂಬುದು ತಿಳಿದಿಲ್ಲ. ಇನ್ನು ವಸಾಯಿ ಕೋಟೆ 1534ರಿಂದ ಪೋರ್ಚುಗೀಸರ ಕೈಯಲ್ಲಿದ್ದು, 1739ರಲ್ಲಿ ಚಿಮಾಜಿ ಅಪ್ಪಾನ ನೇತೃತ್ವದ ಮರಾಠಾ ಸೇನೆಗೆ ವಶವಾಯಿತು. ಲೇಖನದಲ್ಲಿ ಈ ಕೋಟೆ ಮದುವೆಗೆ ಮುನ್ನ ಫೋಟೋ ತೆಗೆಸಿಕೊಳ್ಳುವ ಜಾಗವಾಗಿ ಮಾತ್ರ ಕಾಣಿಸಿಕೊಂಡಿದೆ.

ಪಶ್ಚಿಮದ ಹಳ್ಳಿಗಳ ವಿಷಯಕ್ಕೆ ಬಂದರೆ ಲೋಪ ಇನ್ನೂ ದೊಡ್ಡದು. ಅಲ್ಲಿ ಸಾಮವೇದಿ ಬ್ರಾಹ್ಮಣರೂ ಕುಪಾರಿ ಕ್ರೈಸ್ತರೂ ನೆರೆಕರೆಯಲ್ಲಿದ್ದು, ಕಾದೋಡಿ ಅಥವಾ ಸಾಮವೇದಿ ಎಂದು ಕರೆಯಲಾಗುವ ಒಂದೇ ನುಡಿಯನ್ನು ಮನೆಯಲ್ಲಿ ಆಡುತ್ತಾರೆ. ಧರ್ಮ ಬೇರೆಯಾದ ಮೇಲೂ ಮನೆಮಾತು ಬೇರೆಯಾಗಲಿಲ್ಲ. ಇವರೊಂದಿಗೆ ವಾಡವಳ ಸಮುದಾಯದವರು, ಕಡಲಂಚಿನಲ್ಲಿ ಕೋಳಿ ಎಂಬ ಸಮುದಾಯದ ಮೀನುಗಾರರು, ಪೂರ್ವದ ತುಂಗಾರೇಶ್ವರ ಬೆಟ್ಟದ ಬುಡದಲ್ಲಿ ವಾರ್ಲಿ ಮೊದಲಾದ ಆದಿವಾಸಿಗಳು ಇದ್ದಾರೆ. ಇಲ್ಲಿಯ ವಾಡಿಗಳ, ಅಂದರೆ ತೋಟಗಳ, ಬಾಳೆ, ವೀಳ್ಯದೆಲೆ, ಹೂವು, ತರಕಾರಿ ಮುಂಬಯಿಯ ಮಾರುಕಟ್ಟೆಗಳಿಗೆ ತಲೆಮಾರುಗಳಿಂದ ಹೋಗುತ್ತಿವೆ. ಇದೇ ಮಣ್ಣಿನ ಫಾದರ್ ಫ್ರಾನ್ಸಿಸ್ ದಿಬ್ರಿಟೋ ಅವರು ಬೈಬಲ್ಲಿನ ಮರಾಠಿ ಅನುವಾದಕ್ಕೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಪಡೆದವರು, 2020ರಲ್ಲಿ ಉಸ್ಮಾನಾಬಾದಿನ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. 2024ರಲ್ಲಿ ನಿಧನರಾದ ಅವರು ತೋಟಗಳೂ ಬಾವಿಗಳೂ ಕಟ್ಟಡಗಳಡಿ ಹೋಗದಂತೆ 'ಹರಿತ್ ವಸಾಯಿ' ಚಳವಳಿಯನ್ನು ಮುನ್ನಡೆಸಿದರು. ವಸಾಯಿಯ ಬಗ್ಗೆ ಪೂರ್ತಿ ಎರಡು ಪುಟ ಬರೆದು ಅವರ ಹೆಸರನ್ನೆತ್ತದಿರುವುದು ನನಗೆ ಸೋಜಿಗವೆನಿಸಿತು.

1867ರಲ್ಲಿ ವಿರಾರಿನಿಂದ ಮುಂಬಯಿಗೆ ರೈಲು ಓಡಿತು, 1936ರಲ್ಲಿ ವಿದ್ಯುತ್ ಮಾರ್ಗ ವಿರಾರನ್ನು ಮುಟ್ಟಿತು. ಆದರೂ ಕಟ್ಟಡಗಳ ಭರಾಟೆ ಶುರುವಾದದ್ದು ಅದೆಷ್ಟೋ ದಶಕಗಳ ಬಳಿಕ. 2011ರ ಜನಗಣತಿಯ ಹೊತ್ತಿಗೆ ವಸಾಯಿ-ವಿರಾರ್ ನಗರದ ಜನಸಂಖ್ಯೆ 12 ಲಕ್ಷ ದಾಟಿತ್ತು. 2009ರಲ್ಲಿ ಮಹಾನಗರಪಾಲಿಕೆ ರಚನೆಯಾದಾಗ ಹಲವು ಗ್ರಾಮಗಳು ಅದರೊಳಗೆ ಸೇರಲು ಒಪ್ಪದೆ ಹೋರಾಟಕ್ಕಿಳಿದವು. 29 ಗ್ರಾಮಗಳ ಪ್ರಶ್ನೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಉಳಿಯಿತು. ನೀರಿನ ಕೊರತೆಯನ್ನು ಲೇಖಕರು ಫ್ಲಾಟುಗಳಲ್ಲಿರುವವರ ಅಳಲಾಗಿ ವಿವರಿಸಿದ್ದಾರೆ, ಅದು ನಿಜವೇ. ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ತೆರುವವರಲ್ಲಿ ನಾನೂ ಒಬ್ಬ. ಆದರೆ ನಮಗೆ ಬರುವ ಸೂರ್ಯಾ ಯೋಜನೆಯ ನೀರು ಪಾಲ್ಘರ್ ಜಿಲ್ಲೆಯ ಆದಿವಾಸಿ ಪ್ರದೇಶದ ಧಾಮಣಿ ಅಣೆಕಟ್ಟಿನದು. ಕೃಷಿಗೆಂದು ಕಟ್ಟಿದ ಅಣೆಯ ನೀರನ್ನು ನಗರಕ್ಕೆ ತಿರುಗಿಸುವುದನ್ನು ಅಲ್ಲಿಯ ರೈತರು ವಿರೋಧಿಸುತ್ತ ಬಂದಿದ್ದಾರೆಂಬುದನ್ನೂ ಒಂದು ವಾಕ್ಯದಲ್ಲಿ ಹೇಳಬಹುದಿತ್ತು.

ಹಳಬರನ್ನು ಬಿಟ್ಟದ್ದು ಒಂದಾದರೆ, ನಮ್ಮವರಲ್ಲೇ ಅರ್ಧ ಜನರನ್ನು ಬಿಟ್ಟದ್ದು ಇನ್ನೊಂದು. ಲೇಖನದಲ್ಲಿ ಕನ್ನಡಿಗರೆಂದರೆ ಕರಾವಳಿಯವರು, ಅದರಲ್ಲೂ ಹೋಟೆಲು ಇಟ್ಟವರು ಮತ್ತು ಸಂಘದ ಪದಾಧಿಕಾರಿಗಳು. ಅವರ ದುಡಿಮೆಯ ಬಗ್ಗೆ, ಅವರು ಉಳಿಸಿಕೊಂಡು ಬಂದ ಯಕ್ಷಗಾನ, ಭಜನೆ, ಶನಿಪೂಜೆಗಳ ಬಗ್ಗೆ ನನಗೆ ಗೌರವವಿದೆ. ನಾನೂ ಆ ಕಡೆಯವನೇ. ಆದರೆ ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆಗಳು ಕೂಡುವಲ್ಲಿ, ಕೂಲಿಗಾಗಿ ಕಾದು ನಿಲ್ಲುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕಟ್ಟಡ ಕಾರ್ಮಿಕರೂ ಕನ್ನಡವನ್ನೇ ಆಡುತ್ತಾರೆ. ಈ ಊರಿನ ಗೋಡೆಗಳನ್ನು ಎಬ್ಬಿಸಿದವರಲ್ಲಿ ಅವರೂ ಇದ್ದಾರೆ. ನಮ್ಮ ಸ್ಮರಣ ಸಂಚಿಕೆಗಳಲ್ಲಿ ಅವರ ಭಾವಚಿತ್ರ ಅಚ್ಚಾಗುವುದಿಲ್ಲ, ವಾರ್ಷಿಕೋತ್ಸವದ ಆಮಂತ್ರಣ ಅವರು ವಾಸಿಸುವ ಚಾಳ್‌ಗಳಿಗೆ ಹೋಗುವುದಿಲ್ಲ. ಸಂಘಗಳು ಕೊಟ್ಟ ಮಾಹಿತಿಯನ್ನಷ್ಟೇ ನೆಚ್ಚಿಕೊಂಡು ಬರೆದರೆ ಪತ್ರಿಕೆಗೂ ಅವರು ಕಾಣುವುದಿಲ್ಲ.

ಮುಂದಿನ ವಾರಗಳಲ್ಲಿ ಮೀರಾ-ಭಾಯಂದರ್ ಮತ್ತು ಡೊಂಬಿವಲಿಗಳ ಪರಿಚಯ ಬರಲಿದೆಯೆಂದು ಪ್ರಕಟಿಸಿದ್ದೀರಿ. ಭಾಯಂದರಿಗೆ ಹೋಗುವ ಲೇಖಕರು ದಯವಿಟ್ಟು ಸ್ಟೇಷನ್ನಿನ ಸುತ್ತಲೇ ನಿಲ್ಲದೆ ಉತ್ತನ್‌ನ ಮೀನುಗಾರರ ಊರಿನ ತನಕ ಹೋಗಲಿ, ಡೊಂಬಿವಲಿಯಲ್ಲಿ ಆಗ್ರಿ ಸಮಾಜದ ಹಳೆಯ ಗ್ರಾಮಸ್ಥರನ್ನೂ ಮಾತನಾಡಿಸಲಿ. ವಸಾಯಿಯ ಕುರಿತು ಪೂರಕ ಲೇಖನವೊಂದನ್ನು ಪ್ರಕಟಿಸುವುದಾದರೆ, ಪಶ್ಚಿಮದ ಹಳ್ಳಿಗಳನ್ನೂ ಪೂರ್ವದ ನಾಕಾಗಳನ್ನೂ ತೋರಿಸಿ, ಅಲ್ಲಿಯವರೊಡನೆ ಮಾತುಕತೆ ಏರ್ಪಡಿಸಿಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ,
ವಸಾಯಿ ಪಶ್ಚಿಮ