ಕೈಚೀಲ ತಂದವರು ಎದ್ದು ಕಾಣಲಿ

ಮಾನ್ಯ ಸಂಪಾದಕರೇ,

ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದ್ದು 2016ರಲ್ಲಿ. ದಾವಣಗೆರೆಯ ಮಾರ್ಕೆಟ್‌ನಲ್ಲಿ ಇವತ್ತಿಗೂ ಒಂದು ಕಟ್ಟು ಮೆಂತ್ಯ ಸೊಪ್ಪಿಗೂ ಕೇಳದೆಯೇ ಕವರ್ ಸಿಗುತ್ತದೆ. ಜನರಿಗೆ ಕಾಳಜಿ ಇಲ್ಲ ಎಂದು ಬೈಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಮಂಡಕ್ಕಿಯನ್ನು ಆಗಲೇ ಕವರಿಗೆ ಸುರಿದಾಗಿರುತ್ತದೆ, ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಆಗ ಬೇಡ ಅನ್ನಲು ಕಾಳಜಿ ಇದ್ದವರಿಗೂ ಸಂಕೋಚ ಅಲ್ವಾ?

ಅಮೆರಿಕದ ಹೋಟೆಲೊಂದರಲ್ಲಿ ನಡೆದ ಪ್ರಯೋಗದ ವಿವರ 2008ರಲ್ಲಿ ಪ್ರಕಟವಾಯಿತು. ‘ಪರಿಸರ ಉಳಿಸಲು ಟವೆಲ್ ಮತ್ತೆ ಬಳಸಿ’ ಎಂಬ ಚೀಟಿಗಿಂತ ‘ಹೆಚ್ಚಿನ ಅತಿಥಿಗಳು ಮತ್ತೆ ಬಳಸುತ್ತಾರೆ’ ಎಂಬ ಚೀಟಿಗೆ ಜನ ಜಾಸ್ತಿ ಸ್ಪಂದಿಸಿದರು. ‘ಇದೇ ಕೋಣೆಯಲ್ಲಿ ತಂಗಿದ್ದವರು’ ಎಂದು ಬರೆದಾಗ ಇನ್ನೂ ಜಾಸ್ತಿ! ಉಪದೇಶಕ್ಕಿಂತ ನಮ್ಮಂಥವರೇ ಮಾಡುತ್ತಿದ್ದಾರೆ ಎಂಬ ನಂಬಿಕೆ ದೊಡ್ಡದು.

ಹಾಗಾಗಿ ಪಾಲಿಕೆ ‘ಪ್ಲಾಸ್ಟಿಕ್ ಬಿಡಿ’ ಎಂಬ ಬೋರ್ಡುಗಳನ್ನಷ್ಟೇ ನಂಬಿ ಕೂರಬಾರದು. ಚೀಲ ತರುವವರು ಹೆಚ್ಚಿರುವ ಬೀದಿಗಳನ್ನು ಹೆಸರಿಸಿ ಬರೆಯಲಿ. ಅಂಗಡಿಯವರು ತೂಕ ಹಾಕುವ ಮೊದಲೇ ‘ಚೀಲ ತಂದಿದ್ದೀರಾ?’ ಎಂದು ಕೇಳಲಿ. ಮರೆತು ಬಂದವರಿಗೆ ಬಟ್ಟೆ ಚೀಲ ದುಡ್ಡಿಗೆ ಸಿಗಲಿ. ವ್ಯಾಪಾರಿಗಳ ಸಂಘದವರು ಇದನ್ನು ಒಂದು ಬೀದಿಯಲ್ಲಾದರೂ ಶುರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ಓದುಗ, ದಾವಣಗೆರೆ