ಎಂಟು ಗಂಟೆಯ ಕನಿಷ್ಠ ವೇತನ, ಹನ್ನೆರಡು ಗಂಟೆಯ ಡ್ಯೂಟಿ

ಮಾನ್ಯ ಸಂಪಾದಕರೇ,

ಕನಿಷ್ಠ ವೇತನ ಎಷ್ಟಿರಬೇಕು ಎಂಬ ಚರ್ಚೆ ರಾಜ್ಯದಲ್ಲಿ ಜೋರಾಗಿಯೇ ನಡೆಯುತ್ತದೆ. ನಿಗದಿಯಾದ ದರ ಗುತ್ತಿಗೆಯಲ್ಲಿ ದುಡಿಯುವ ಸೆಕ್ಯುರಿಟಿ ಗಾರ್ಡ್, ಹೌಸ್‌ಕೀಪಿಂಗ್ ನೌಕರರ ಕೈ ಸೇರುವಷ್ಟರಲ್ಲಿ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬ ಚರ್ಚೆ ಮಾತ್ರ ಆಗುವುದೇ ಇಲ್ಲ.

ಲೆಕ್ಕದ ಅನುಕೂಲಕ್ಕೆ ತುಟ್ಟಿಭತ್ಯೆ ಸೇರಿ ತಿಂಗಳ ಕನಿಷ್ಠ ವೇತನ 15,600 ರೂ. ಎಂದಿಟ್ಟುಕೊಳ್ಳೋಣ. ತಿಂಗಳ ಕೆಲಸದ ದಿನಗಳೆಂದು ಲೆಕ್ಕ ಹಿಡಿಯುವ 26ರಿಂದ ಭಾಗಿಸಿದರೆ ದಿನಕ್ಕೆ 600, ಎಂಟು ಗಂಟೆಯಂತೆ ಗಂಟೆಗೆ 75 ರೂ. ಎಂಟು ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು, ಅಂದರೆ ಗಂಟೆಗೆ 150. ಗಾರ್ಡ್ 12 ಗಂಟೆ ಗೇಟು ಕಾದರೆ ಹೆಚ್ಚುವರಿ 4 ಗಂಟೆಗೇ 600 ರೂ. ಆಗುತ್ತದೆ. ದಿನಕ್ಕೆ 1,200ರಂತೆ ತಿಂಗಳಿಗೆ 31,200 ರೂ. ಬರಬೇಕು. ಆದರೆ ‘ಹನ್ನೆರಡು ಗಂಟೆ ಡ್ಯೂಟಿ, ಹದಿನೆಂಟು ಸಾವಿರ ಸಂಬಳ’ ಎಂದು ಗುತ್ತಿಗೆದಾರರು ಬಾಯಿಮಾತಿನಲ್ಲಿ ಮುಗಿಸುತ್ತಾರೆ. ಕನಿಷ್ಠ ವೇತನಕ್ಕಿಂತ 2,400 ಹೆಚ್ಚೇ ಕೊಡುತ್ತಿದ್ದೇವಲ್ಲ ಎನ್ನುತ್ತಾರೆ. ಗಾರ್ಡ್ ಕೂಡ ಅದನ್ನೇ ನಂಬಿರುತ್ತಾರೆ. ನಿಜವಾಗಿ 13,200 ಖೋತಾ. ವಾರದ ರಜೆಯಲ್ಲೂ ದುಡಿಸಿಕೊಂಡರೆ ಇನ್ನೂ ಹೆಚ್ಚು. ತಪಾಸಣೆಗೆ ತೋರಿಸುವ ಹಾಜರಿ ಪುಸ್ತಕದಲ್ಲಿ ಎಂಟೇ ಗಂಟೆ ಇರುತ್ತದೆ. ಅಸಲಿ ಸಮಯ ಸಿಗುವುದು ಗೇಟಿನ ರಿಜಿಸ್ಟರಿನಲ್ಲಿ, ಪಾಳಿ ಬದಲಾಗುವಾಗ ಕೀಲಿಗೊಂಚಲು ಪಡೆದು ಹಾಕಿದ ಸಹಿಯಲ್ಲಿ. ಅದನ್ನು ತರಿಸಿ ನೋಡುವ ಅಧಿಕಾರಿಗಳು ಅಪರೂಪ.

ಪಿಎಫ್ ಬಾಬ್ತಿನಲ್ಲೂ ಇದೇ ಕತೆ. ನೌಕರರ ಪಾಲು ಪಿಎಫ್‌ಗೆ (ಭವಿಷ್ಯ ನಿಧಿ) ಶೇ 12, ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಶೇ 0.75. ಮಾಲೀಕರ ಪಾಲನ್ನೂ ‘ಸಿಟಿಸಿ’ (ನೌಕರರೊಬ್ಬರಿಗಾಗಿ ಸಂಸ್ಥೆ ಮಾಡುವ ಒಟ್ಟು ವೆಚ್ಚ) ಹೆಸರಿನಲ್ಲಿ ಅದೇ ಸಂಬಳದಿಂದ ಮುರಿದುಕೊಳ್ಳುವುದು ಕಾನೂನುಬಾಹಿರ. ಪೂರ್ತಿ ಸಂಬಳ ಬ್ಯಾಂಕಿಗೆ ಹಾಕಿ, ಆಮೇಲೆ ಸೂಪರ್‌ವೈಸರ್ ಕೈಲಿ ನಗದು ವಾಪಸ್ ಕೇಳಿಸುವ ಪರಿಪಾಠವೂ ಉಂಟು.

ಇದರ ಬೇರಿರುವುದು ಟೆಂಡರಿನಲ್ಲಿ. ಒಂದು ಗೇಟನ್ನು ಹಗಲೂ ರಾತ್ರಿ ಕಾಯಲು ಎಂಟು ಗಂಟೆಯಂತೆ ದಿನಕ್ಕೆ 3, ವಾರಕ್ಕೆ 21 ಪಾಳಿ. ಒಬ್ಬರಿಗೆ 6 ಪಾಳಿಯಂತೆ ಮೂರೂವರೆ ಜನ ಬೇಕು. ಟೆಂಡರಿನಲ್ಲಿ ‘ಇಬ್ಬರು ಗಾರ್ಡ್’ ಎಂದು ಬರೆದಾಗಲೇ ಉಲ್ಲಂಘನೆಗೆ ಸಹಿ ಬಿದ್ದಂತೆ. ಮೇಲಾಗಿ, ತಮ್ಮ ಸೇವಾ ಶುಲ್ಕವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದವರಿಗೇ ಗುತ್ತಿಗೆ. ಸಮವಸ್ತ್ರದ ಖರ್ಚು, ಬಿಲ್ ಪಾಸಾಗುವವರೆಗೆ ಹೂಡಿದ ಹಣದ ಬಡ್ಡಿ, ಲಾಭ ಇವೆಲ್ಲ ನೌಕರರ ಸಂಬಳದಿಂದಲ್ಲದೆ ಇನ್ನೆಲ್ಲಿಂದ ಹುಟ್ಟಬೇಕು? ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ, ಗುತ್ತಿಗೆಯ ದರ ಎರಡು ವರ್ಷ ಕದಲುವುದಿಲ್ಲ. ಸರ್ಕಾರಿ ಕಚೇರಿಗಳೂ ಹೀಗೆಯೇ ಟೆಂಡರ್ ಕರೆಯುತ್ತಿರುವುದು ಅತ್ಯಂತ ನೋವಿನ ಸಂಗತಿ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಅದು ದೆಹಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಗಳ ಪ್ರಕರಣ. ಅಲ್ಲಿಯೂ ಕೆಲಸ ಸರ್ಕಾರದ್ದು, ಕೂಲಿ ಗುತ್ತಿಗೆದಾರರ ಕೈಯಲ್ಲಿ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾನೂನಾದ ವೇತನ ಸಂಹಿತೆ ಕೆಲವು ಅಸ್ತ್ರಗಳನ್ನು ಕೊಟ್ಟಿದೆ. ಬಾಕಿ ಕೇಳಲು 6 ತಿಂಗಳಿದ್ದ ಕಾಲಮಿತಿ 3 ವರ್ಷಕ್ಕೆ ಏರಿದೆ. ವೇತನ ಪಾವತಿಸಿದ್ದೇವೆ ಎಂದು ರುಜುವಾತುಪಡಿಸುವ ಹೊಣೆ ಮಾಲೀಕರದು. ಗುತ್ತಿಗೆದಾರರು ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು. ಆದರೆ ಕಡಿಮೆ ವೇತನ ಕೊಟ್ಟವರ ಮೇಲೆ ಮೊಕದ್ದಮೆ ಹೂಡುವ ಮೊದಲು ತಪ್ಪು ಸರಿಪಡಿಸಿಕೊಳ್ಳಲು ಅವಕಾಶ ನೀಡಬೇಕೆಂಬ ನಿಯಮವೂ ಇದೆ. ಸಿಕ್ಕಿಬಿದ್ದಾಗ ಕೊಟ್ಟರಾಯಿತು ಎಂಬ ಧೋರಣೆಗೆ ಇದು ಇಂಬಾಗುತ್ತದೆಂಬುದು ನಮ್ಮ ಆತಂಕ.

ಹಾಗಾಗಿ ತಪಾಸಣೆ ಬಿಲ್ ಪಾಸಾಗುವ ಮೇಜಿನಲ್ಲೇ ಆಗಬೇಕು. ಗೇಟಿನ ರಿಜಿಸ್ಟರ್, ಬ್ಯಾಂಕ್ ಪಾವತಿ ಪಟ್ಟಿ, ಪಿಎಫ್‌ನ ಹೆಸರುವಾರು ಇಸಿಆರ್ (ಪ್ರತಿ ತಿಂಗಳ ಪಿಎಫ್ ಜಮೆಯ ವಿವರಪಟ್ಟಿ) ಈ ಮೂರನ್ನೂ ತಾಳೆ ನೋಡದೆ ಯಾವ ಕಚೇರಿಯೂ ಗುತ್ತಿಗೆದಾರರಿಗೆ ಹಣ ಬಿಡುಗಡೆ ಮಾಡಬಾರದು. ಜನರ ಲೆಕ್ಕ ಬಿಟ್ಟು ಎಂಟು ಗಂಟೆಯ ಪಾಳಿಗಳ ಲೆಕ್ಕದಲ್ಲಿ ಟೆಂಡರ್ ಕರೆಯಬೇಕು. ತುಟ್ಟಿಭತ್ಯೆ ಏರಿದಷ್ಟೂ ಗುತ್ತಿಗೆ ದರ ತಾನಾಗಿ ಏರುವ ಷರತ್ತು ಅದರಲ್ಲಿರಬೇಕು. ಮುಂದಿನ ಏಪ್ರಿಲ್‌ ಪರಿಷ್ಕರಣೆಗೆ ಮುನ್ನ ಕಾರ್ಮಿಕ ಇಲಾಖೆ ಮತ್ತು ಆರ್ಥಿಕ ಇಲಾಖೆ ಸೇರಿ ಇಷ್ಟಕ್ಕೆ ಒಂದು ಸುತ್ತೋಲೆ ಹೊರಡಿಸಲಿ.

– ಗುತ್ತಿಗೆ ಕಾರ್ಮಿಕರ ವೇತನ ದೂರುಗಳನ್ನು ನೋಡಿಕೊಳ್ಳುವ ಕಾರ್ಯಕರ್ತರು, ಬೆಂಗಳೂರು